ಹದಿನೇಳನೇ ನಂಬರಿನ ಕೈಕೆಲಸ

"ಇದನ್ನ ಜೋಡಿಸಿದೋಳಿಗೆ ಪ್ಲಸ್ ಯಾವ್ದು, ಮೈನಸ್ ಯಾವ್ದು ಅಂತಾನೂ ಗೊತ್ತಿರ್ಲಿಲ್ಲ, ನೋಡಿ!"

ಟೋಕ್ಮೋಕ್ ಊರಿನ ಬಜಾರಿನ ರಿಪೇರಿ ಅಂಗಡಿಯ ಮೇಜಿನ ಮೇಲೆ ಆ ಯುವಕ ಹಳೆಯ ಕಂಪ್ಯೂಟರಿನ ಬೋರ್ಡ್ ಇಟ್ಟ. ಹೆಸರು ಎರ್ಮೆಕ್. ಬಿಷ್ಕೆಕ್‌ನ ಕಾಲೇಜೊಂದರಲ್ಲಿ ಮೇಷ್ಟ್ರು.

ಅಂಗಡಿ ನಡೆಸುವ ಜಿಬೆಕ್ ತಲೆ ಎತ್ತಲಿಲ್ಲ. ಹೊಸಬರ ಮುಖ ನೋಡಿ ಮಾತಾಡುವುದು ಅವಳಿಗೆ ಒಗ್ಗದು. ಬೋರ್ಡಿನ ತುಂಬ ಹಸಿರು ಕಿಲುಬು. ಮೂಲೆಯಲ್ಲಿ ನೇರಳೆ ಶಾಯಿಯ ಪುಟ್ಟ ಮುದ್ರೆ... 17.

ಅವಳ ಎದೆ ಝಲ್ಲೆಂದಿತು!

ಊರಿನ ಕಾರ್ಖಾನೆಯಲ್ಲಿ ಬೋರ್ಡ್ ಜೋಡಿಸುತ್ತಿದ್ದ ಪ್ರತಿ ಹುಡುಗಿಗೂ ಒಂದು ನಂಬರ್ ಇತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಹದಿನೇಳು ಯಾರೆಂದು ಜಿಬೆಕ್‌ಗೆ ಗೊತ್ತು. ಅದು ಅವಳ ಅಮ್ಮ ಬುರುಲ್.

"ಒಂದು ಕೆಪಾಸಿಟರ್ ಉಲ್ಟಾ ಹಾಕಿದ್ರು. ನಾನೇ ಬಿಚ್ಚಿ, ಬೋರ್ಡಿನ ಮೇಲಿನ ಅಚ್ಚಲ್ಲಿರೋ ಹಾಗೆ ಹೊಸದು ಹಾಕ್ದೆ. ಆದ್ರೂ ಓಡ್ತಿಲ್ಲ. ಮುಂದಿನ ಶನಿವಾರ ಸಾಂಸ್ಕೃತಿಕ ಭವನದಲ್ಲಿ ಪ್ರದರ್ಶನ. ನಿಮ್ಮೂರಲ್ಲೇ ಮಾಡಿದ್ದ ಕಂಪ್ಯೂಟರ್... ಓಡ್ಲಿ ಅಂತ ಆಸೆ."

ಬೋರ್ಡಿನ ಜೊತೆ ಒಂದು ಕಾರ್ಡೂ ಇತ್ತು. ಪ್ರದರ್ಶನದಲ್ಲಿ ಪಕ್ಕಕ್ಕೆ ಇಡಲು ಅವನೇ ಬರೆದದ್ದು. 'ಜೋಡಣೆ: 17. ಕೆಪಾಸಿಟರ್ ತಿರುವುಮುರುವು. ಕೆಲಸಗಾರ್ತಿಯ ತಪ್ಪು.'

ಆ ಪ್ರದರ್ಶನಕ್ಕೆ ಕಾರ್ಖಾನೆಯ ಹಳೆಯ ಹೆಂಗಸರಿಗೆಲ್ಲ ಕರೆ ಬಂದಿತ್ತು. ಅಮ್ಮ ಆಗಲೇ ನೀಲಿ ಉಡುಪಿಗೆ ಇಸ್ತ್ರಿ ಹಾಕಿ ಇಟ್ಟಿದ್ದಳು. ಅಷ್ಟು ಜನರ ಮುಂದೆ ಅವಳು ಇದನ್ನು ಓದಬೇಕೆ?

"ಬಿಟ್ಟು ಹೋಗಿ" ಎಂದಳು ಜಿಬೆಕ್.

"ಯಾವಾಗ ಬರ್ಲಿ?"

"ದಿನಾ ಬನ್ನಿ. ನಿಮ್ಮ ಕಣ್ಣಾರೆ ನೋಡಿ!"

ಹೇಳಿದ ಮೇಲೆ ಅವಳಿಗೇ ಆಶ್ಚರ್ಯ. ಅಷ್ಟು ಉದ್ದದ ಮಾತು ತನ್ನ ಬಾಯಿಂದ ಹೇಗೆ ಬಂತು?

ಅವನು ನಿಜಕ್ಕೂ ದಿನಾ ಬಂದ. ಸ್ಟೂಲಿನ ಮೇಲೆ ಕೂತು ಅವಳ ಬೆರಳುಗಳನ್ನೇ ನೋಡುತ್ತಿದ್ದ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ಜಿಬೆಕ್. ಸೋಲ್ಡರಿಂಗ್ ಐರನ್ ಹಿಡಿಯುವುದನ್ನು ಕಲಿಸಿದ್ದು ಅಮ್ಮನೇ.

ಹಳೆಯ ಕೆಪಾಸಿಟರ್‌ಗಳ ಕಾಲಿಗೆ ಬಿಸಿ ತಾಗಿದಾಗ ಕೆಟ್ಟ ಮೀನಿನ ವಾಸನೆ ಎದ್ದಿತು. ಒಳಗಿನ ರಸ ಸೋರಿ ತಾಮ್ರವನ್ನು ತಿಂದಿತ್ತು.

"ತಂಗೀ, ಮೀನು ಮಾರೋಕೆ ಶುರು ಮಾಡಿದ್ಯಾ?" ಪಕ್ಕದಲ್ಲಿ ಸಮೋಸದಂಥ ಸಾಂಸಾ ಮಾರುವ, ಎಲ್ಲರಿಗೂ ಅಕ್ಕನಾದ ಸೈರಾ ಎಜೆ ಮೂಗು ಮುಚ್ಚಿಕೊಂಡು ಇಣುಕಿದಳು. "ಗಿರಾಕಿ ಒಬ್ಬನೇ ಕಾಣ್ತಾನೆ! ಅವನೂ ಏನೂ ಕೊಳ್ಳಲ್ಲ, ಬರೀ ನೋಡ್ತಾನೆ!"

ಜಿಬೆಕ್‌ಳ ಕೆನ್ನೆ ಸುಟ್ಟಿತು. ಎರ್ಮೆಕ್ ಕೆಮ್ಮಿದ. ಆಮೇಲೆ ಸೈರಾ ಎಜೆಯ ಬಾಯಿ ಮುಚ್ಚಿಸಲು ನಾಲ್ಕು ಸಾಂಸಾ ತಂದು, ಅದರಲ್ಲಿ ಮೂರನ್ನು ಜಿಬೆಕ್ ಕಡೆಗೆ ಸರಿಸಿದ.

"ನಿಮ್ಮ ಕೈ ಒಂಚೂರೂ ನಡುಗಲ್ವಲ್ಲ, ಉಸ್ತಾ!"

ಉಸ್ತಾ... ಕೈಕೆಲಸದಲ್ಲಿ ಪಳಗಿದವರನ್ನು ಹಾಗೆ ಕರೆಯುತ್ತಾರೆ. ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ.

ಇವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಹೇಗೆ? ಅಮ್ಮನಿಗೆ ಹೀಗೆಂದವನು ತನಗೇಕೆ ಹಿಡಿಸುತ್ತಿದ್ದಾನೆ?

ಬೇರೆ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿ, ಕಡಿದ ನಾಲ್ಕು ತಾಮ್ರದ ಗೆರೆಗಳಿಗೆ ಸಣ್ಣ ತಂತಿ ಸೇರಿಸಿದ್ದಾಯಿತು. ಉಳಿದದ್ದು ಅದೊಂದೇ, ಅವನು 'ಸರಿ' ಮಾಡಿದ್ದು. ಅವನು ಹಾಕಿದ್ದನ್ನು ಅವಳು ಬಿಚ್ಚಿ ಪಕ್ಕಕ್ಕಿಟ್ಟಳು. ಬೋರ್ಡಿನ ಮೇಲೆ ಬಿಳಿ ಬಣ್ಣದ ಪ್ಲಸ್ ಸ್ಪಷ್ಟವಾಗಿತ್ತು. ಅಮ್ಮ ಹಾಕಿದ್ದು ಅದಕ್ಕೆ ವಿರುದ್ಧ.

ದಾರಿ ಕೂಡಿದ್ದರೆ ಸದ್ದು ಮಾಡುವ ಮೀಟರಿನ ಕಡ್ಡಿಗಳನ್ನು ಇಟ್ಟು ನೋಡಿದಳು. ಎರಡು ಕಾಲಿನ ಜಾಗದಲ್ಲೂ ಸದ್ದಿಲ್ಲ. ಯಾವುದು ಎಲ್ಲಿಗೆ ಹೋಗುತ್ತದೆಂದು ಹೇಳಲು ಕಿಲುಬು ಏನನ್ನೂ ಉಳಿಸಿರಲಿಲ್ಲ.

ಅಮ್ಮ ನಿಜವಾಗಿಯೂ ತಪ್ಪಿದಳೇ? ಆ ಅನುಮಾನಕ್ಕೇ ಅವಳಿಗೆ ನಾಚಿಕೆಯಾಯಿತು.

ಚಾಕುವಿನ ತುದಿಯಿಂದ ಕೂದಲೆಳೆಯಷ್ಟಷ್ಟೇ ಕೆರೆದಳು. ಒಂದು ಗಂಟೆ... ಎರಡು ಗಂಟೆ... ಅಮ್ಮ ಪ್ಲಸ್ ಕಾಲು ಹಾಕಿದ್ದ ಜಾಗದಲ್ಲಿ, ಹಸಿರು ಪುಡಿಯ ಅಡಿಯಲ್ಲಿ ಕೆಂಪಗೆ ತಾಮ್ರದ ಒಂದು ತುಂಡು ಮಿನುಗಿತು! ಅದರ ಮೇಲೆ ಕಡ್ಡಿ ಇಟ್ಟು, ಇನ್ನೊಂದನ್ನು ಗ್ರೌಂಡಿಗೆ ತಾಗಿಸಿದಳು.

ಪೀಂ!

"ನೋಡಿ" ಎಂದಳು. ಈ ಸಲ ಅವನ ಕಣ್ಣನ್ನೇ ನೋಡಿದಳು. "ಬೇರೆ ಎಲ್ಲಾ ಕಡೆ ಗ್ರೌಂಡಿಗೆ ಹೋಗೋದು ಮೈನಸ್ ಕಾಲು. ಇದು ಮಾತ್ರ ಮೈನಸ್ ಐದು ವೋಲ್ಟಿನ ದಾರಿ. ಗ್ರೌಂಡ್ ಅಂದ್ರೆ ಸೊನ್ನೆ. ಸೊನ್ನೆ ಮೈನಸ್ ಐದಕ್ಕಿಂತ ಮೇಲೆ ತಾನೆ? ಹಾಗಾಗಿ ಇಲ್ಲಿ ಗ್ರೌಂಡಿಗೆ ಪ್ಲಸ್ ಕಾಲೇ ಹೋಗ್ಬೇಕು. ಅಚ್ಚು ಹಾಕಿದೋರು ತಪ್ಪು ಮಾಡಿದ್ರು. ಜೋಡಿಸಿದೋಳು ಸರಿ ಮಾಡಿದ್ಳು!"

ಎರ್ಮೆಕ್ ಬಗ್ಗಿ ನೋಡಿದ. ತಾನೇ ಕಡ್ಡಿ ಹಿಡಿದು ನೋಡಿದ. ಪೀಂ.

"ಅಂದ್ರೆ ನಾನು ಹಾಕಿದ್ದು..."

"ಈ ಗೆರೆ ತಿಂದುಹೋಗಿದ್ದಕ್ಕೆ ಬಚಾವಾದ್ರಿ. ಇಲ್ದಿದ್ರೆ ಪಟಾಕಿ ಹೊಡೀತಿತ್ತು."

"ಹದಿನೇಳಕ್ಕೆ ಇದು ಹೇಗೆ ಗೊತ್ತಾಯ್ತು? ಓದಿದ ನಾನೇ..."

"ಹದಿನೇಳು ನಮ್ಮಮ್ಮ."

ಅವನ ಮುಖದ ಬಣ್ಣ ಇಳಿಯಿತು. ಆ ಮಧ್ಯಾಹ್ನವೇ ಜಿಬೆಕ್ ಕೊನೆಯ ಬೆಸುಗೆ ಮುಗಿಸಿ ಟಿವಿಗೆ ತಂತಿ ಸಿಕ್ಕಿಸಿದಳು. ಪರದೆ ಒಮ್ಮೆ ಕಂಪಿಸಿ, ಬೆಳ್ಳಗಾಗಿ, ಮೂಲೆಯಲ್ಲಿ ಅಕ್ಷರಗಳು ಮೂಡಿದವು. ಓಡಿತು!

ಎರ್ಮೆಕ್ ಬೋರ್ಡನ್ನೂ ಕಾರ್ಡನ್ನೂ ಎತ್ತಿಕೊಂಡು ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಸ್ಟೂಲು ಖಾಲಿ. 'ಬಜಾರಿನ ಹುಡುಗಿ ತಿದ್ದಿದಳೆಂದು ಮುನಿಸೇ? ಮುನಿದರೆ ಮುನಿಯಲಿ. ಅಮ್ಮನ ಕೆಲಸ ಸರಿಯಿತ್ತು.' ಹಾಗೆಂದುಕೊಂಡಳು, ಆದರೂ ಕಣ್ಣು ಬಾಗಿಲಿಗೇ ಹೋಗುತ್ತಿತ್ತು.

ಶನಿವಾರ ಅಮ್ಮ ನೀಲಿ ಉಡುಪು ತೊಟ್ಟಳು. ಜಿಬೆಕ್ ಅವಳ ತೋಳು ಹಿಡಿದು ಭವನಕ್ಕೆ ಹೋದಳು. ಆ ಕಾರ್ಡ್ ಅಲ್ಲಿದ್ದರೆ ತಾನೇ ಹರಿಯುವುದೆಂದು ನಿರ್ಧರಿಸಿದ್ದಳು.

ಕಂಪ್ಯೂಟರ್ ಓಡುತ್ತಿತ್ತು. ಪಕ್ಕದಲ್ಲಿ ಎರ್ಮೆಕ್ ನಿಂತಿದ್ದ. ಜಿಬೆಕ್ ಜೊತೆ ಬುರುಲ್‌ಳನ್ನು ಕಂಡದ್ದೇ ಹೊಸ ಕಾರ್ಡ್ ಎತ್ತಿಕೊಂಡು ಜನರ ಮುಂದೆ ಗಟ್ಟಿಯಾಗಿ ಓದಿದ.

"'ಜೋಡಣೆ: 17, ಬುರುಲ್. ಅಚ್ಚು ತಪ್ಪಿತ್ತು, ಈಕೆಯ ಕೈ ತಪ್ಪಲಿಲ್ಲ. ಈಕೆಯ ತಪ್ಪೆಂದು ಬರೆದವನು ನಾನು, ಎರ್ಮೆಕ್. ಮತ್ತೆ ಓಡಿಸಿದ ಉಸ್ತಾ: ಜಿಬೆಕ್, ಈಕೆಯ ಮಗಳು.' ಅಮ್ಮಾ, ಕ್ಷಮಿಸಿ."

ಹಳೆಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಬುರುಲ್ ನೆಟ್ಟಗೆ ನಿಂತಳು.

"ನಮ್ಮ ಮೇಸ್ತ್ರಿನೂ ಹಾಗೇ ಅಂದಿದ್ದ ಕಣಪ್ಪಾ. ಅಚ್ಚಿನ ಹಾಗೇ ಹಾಕ್ರೇ ಅಂತ! ಮುಖದ ಮುಂದೆ ಎರಡು ಸಿಡಿದ ಮೇಲೆ ಬಾಯಿ ಮುಚ್ಚಿದ."

ಎಲ್ಲರೂ ಗೊಳ್ಳೆಂದರು. ಅಮ್ಮನ ಸುತ್ತ ಜನ ಸೇರಿದರು. ಎರ್ಮೆಕ್ ಮೆಲ್ಲನೆ ಜಿಬೆಕ್ ಪಕ್ಕಕ್ಕೆ ಬಂದ.

"ಬರ್ಲೇ ಇಲ್ಲ..." ಎಂದಳು ಅವಳು.

"ನಿಮ್ಮ ಅಂಗಡೀಲಿ ಗುಟ್ಟಾಗಿ ಕ್ಷಮೆ ಕೇಳಿದ್ರೆ ಸಾಲ್ತಿರ್ಲಿಲ್ಲ. ಊರಿಗೆಲ್ಲ ಕಾಣೋ ಹಾಗೆ ಬರೆದಿದ್ದೆ, ಊರ ಮುಂದೇನೇ ಕೇಳ್ಬೇಕಿತ್ತು. ಅಲ್ಲಿವರೆಗೆ ನಿಮ್ಮ ಮುಖ ನೋಡೋ ಯೋಗ್ಯತೆ ನನಗಿಲ್ಲ ಅನ್ನಿಸ್ತು."

"ಈಗ ನೋಡ್ತಿದೀರಲ್ಲ..."

"ಜಿಬೆಕ್, ನನಗೆ ನೀವು ಅಂದ್ರೆ ತುಂಬಾ ಇಷ್ಟ. ನಿಮ್ಮ ಕಿವಿಗೆ ಓಲೆ ಹಾಕೋಕೆ ನಮ್ಮಮ್ಮನ್ನ ಕರ್ಕೊಂಡು ಬರ್ಲಾ?"

ಗಂಡಿನ ತಾಯಿ ಓಲೆ ಹಾಕಿದಳೆಂದರೆ ಮದುವೆ ನಿಶ್ಚಯವಾದಂತೆ. ಅವಳ ಕಣ್ಣು ತುಂಬಿತು. ಆದರೂ ತಲೆ ತಗ್ಗಿಸಲಿಲ್ಲ.

"ಕರ್ಕೊಂಡು ಬನ್ನಿ. ಆದ್ರೆ ಸಂಜೆ, ಅಂಗಡಿ ಮುಚ್ಚಿದ ಮೇಲೆ. ಹಗಲೆಲ್ಲ ನನಗೆ ಕೆಲಸ ಇರುತ್ತೆ."

"ಮದುವೆ ಆದ ಮೇಲೂ?"

"ಆದ ಮೇಲೂ!"

"ಹಾಗೇ ಆಗ್ಲಿ, ಉಸ್ತಾ" ಎಂದು ನಕ್ಕ ಎರ್ಮೆಕ್.