ಗುಬ್ಬಿಯ ಪಾಲಿನ ಕಾಳು

ಬಹಳ ಹಿಂದೆ, ಕಣಜಪುರವನ್ನು ಏಳನೆಯ ರಾಜ ಆಳುತ್ತಿದ್ದಾಗ ಇದು ನಡೆಯಿತು.

ಬೆಟ್ಟದ ಕೋಟೆಯ ಮಾಂತ್ರಿಕ ವಿಭಂಡ ವರ್ಷಕ್ಕೊಂದು ಊರನ್ನು ಕಲ್ಲಾಗಿಸುತ್ತಿದ್ದ. ಅವನನ್ನು ಸೋಲಿಸಲು ಕೋಟೆಯ ಮೂರು ಬಾಗಿಲುಗಳಲ್ಲಿ ರಾಗಿ ಸುರಿಯಬೇಕಿತ್ತು. ಮೊದಲನೆಯದರಲ್ಲಿ ಸಾವಿರಕ್ಕೆ, ಎರಡನೆಯದರಲ್ಲಿ ಲಕ್ಷಕ್ಕೆ, ಮೂರನೆಯದರಲ್ಲಿ ನೂರು ಕೋಟಿಗೆ ಮಿಕ್ಕಿದ ಕಾಳು. ಕಾವಲಿನವರು ರಾಶಿಯನ್ನು ಸಮನಾದ ಸಾಲುಗಳಾಗಿ ಜೋಡಿಸಿದರೆ ತಂದವರು ಕಲ್ಲಾಗುತ್ತಿದ್ದರು, ಇಲ್ಲವಾದರೆ ಕಾವಲಿನವರು. ಒಂಟಿ ಸಾಲು, ಒಂಟಿ ಕಾಳಿನ ಸಾಲು ಲೆಕ್ಕಕ್ಕಿಲ್ಲ.

ಬೀಜ ಕಾಯುವ ಮನೆತನದ ಕೇತನ ಬಳಿ ಒಂದು ಮಾಯಾ ಕೊಳಗವಿತ್ತು. ಒಂದು ಕಾಳು ಹಾಕಿ ಬಗ್ಗಿಸಿದರೆ ಎರಡು, ಮತ್ತೆ ಬಗ್ಗಿಸಿದರೆ ನಾಲ್ಕು, ಹೀಗೆ ಪ್ರತಿ ಸಲವೂ ಎರಡರಷ್ಟಾಗುತ್ತಿತ್ತು. ಕೊನೆಗೆ ಒಂದು ಕಾಳನ್ನು ಗುಬ್ಬಿಗೆ ಹಾಕುವುದು ಮನೆತನದ ಪದ್ಧತಿ. ಎರಡು, ಮೂರು, ಐದು, ಏಳು ಸಲ ಬಗ್ಗಿಸಿದಾಗ ಉಳಿದ ಕಾಳು ಸಾಲಿಗೆ ಬಗ್ಗಲಿಲ್ಲ. ಹನ್ನೊಂದಕ್ಕೂ ಹಾಗೆಯೇ ಎಂದು ಕೇತ ನಂಬಿದ. ಪರೀಕ್ಷಿಸಲಿಲ್ಲ. ಮೊದಲ ಬಾಗಿಲಿನ ಸಾವಿರ ಕಾಲಿನ ಆಮೆ ಅವನ ಎರಡು ಸಾವಿರದ ನಲವತ್ತೇಳು ಕಾಳನ್ನು ಎಂಬತ್ತೊಂಬತ್ತರ ಇಪ್ಪತ್ತಮೂರು ಸಾಲು ಮಾಡಿತು. ಕೇತ ಕಲ್ಲಾದ.

ಅವನ ತಂಗಿ ಬಾಚಲೆ ಅಳುತ್ತ ಕೂರಲಿಲ್ಲ. ಹದಿಮೂರು, ಹದಿನೇಳು ಸಲದ ರಾಶಿಗಳು ಗಟ್ಟಿ ಎಂದು ಕಂಡುಕೊಂಡಳು. ಇಪ್ಪತ್ತಮೂರು ಒಡೆಯಿತು, ಇಪ್ಪತ್ತೊಂಬತ್ತು ಒಡೆಯಿತು. ಮೂವತ್ತೊಂದು ಸಲದ ರಾಶಿಗೆ, ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿದರೂ, ನಾಲ್ಕು ಸಾವಿರದ ಏಳುನೂರ ತೊಂಬತ್ತೆರಡು ಭಾಗಾಕಾರ ಬೇಕಿತ್ತು. ದಿನಕ್ಕೆ ನಾಲ್ಕರಂತೆ ಸಾವಿರದ ನೂರ ತೊಂಬತ್ತೆಂಟು ದಿನ ಮಾಡಿದಳು. ಒಂದೂ ಶೇಷವಿಲ್ಲದೆ ಮುಗಿಯಲಿಲ್ಲ.

ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟಳು.

ಮೊದಲ ಬಾಗಿಲಲ್ಲಿ ಕಲ್ಲಾದ ಅಣ್ಣನ ಪಕ್ಕ ಬಿದ್ದಿದ್ದ ಕೊಳಗವನ್ನೆತ್ತಿ ಹದಿಮೂರು ಸಲ ಬಗ್ಗಿಸಿದಳು, ಗುಬ್ಬಿ ಒಂದು ಕಾಳು ತಿಂದಿತು. ಆಮೆ ಜೋಡಿಸಿತು, ಕೆಡಿಸಿತು, ಕಲ್ಲಾಯಿತು. ಎರಡನೆಯದರಲ್ಲಿ ಹದಿನೇಳು ಸಲ ಬಗ್ಗಿಸಿದಳು, ಗುಬ್ಬಿ ಒಂದು ಕಾಳು ತಿಂದಿತು. ನೂರು ಸೊಂಡಿಲಿನ ಆನೆ ಜೋಡಿಸಿತು, ಕೆಡಿಸಿತು, ಕಲ್ಲಾಯಿತು.

ಮೂರನೆಯದರಲ್ಲಿ ವಿಭಂಡನೇ ಕೂತಿದ್ದ.

“ಆಮೆಯ ಮುಂದೆ ಸೋತವನ ತಂಗಿಯಲ್ಲವೇನೇ? ನಿಮ್ಮ ಮನೆಯಲ್ಲಿ ಭಾಗಾಕಾರ ಯಾರು ಕಲಿಸುವುದು?”

“ಅಣ್ಣ ಕಲಿಸಿದ. ತಾಳೆ ನೋಡುವುದನ್ನು ನಾನೇ ಕಲಿತೆ.”

ಮೂವತ್ತೊಂದು ಸಲ ಬಗ್ಗಿಸಿದಳು. ರಾಶಿ ಆಳೆತ್ತರ ಬೆಳೆಯಿತು. ಗುಬ್ಬಿ ಒಂದು ಕಾಳು ತಿಂದಿತು. ವಿಭಂಡ ಕೋಲು ಬೀಸಿದ, ಕಾಳುಗಳು ತಾವೇ ಓಡಿ ಸಾಲಾದವು. ಎರಡು ಸಾಲಿನಿಂದ ನಲವತ್ತಾರು ಸಾವಿರದ ಮುನ್ನೂರ ನಲವತ್ತು ಸಾಲಿನವರೆಗೂ ನೋಡಿದ. ಪ್ರತಿ ಸಲವೂ ಕಾಳು ಮಿಕ್ಕಿತು. ಅದರಾಚೆ ಸಾಲಿನ ಲೆಕ್ಕವೂ ಸಾಲೊಂದರ ಕಾಳಿನ ಲೆಕ್ಕವೂ ಅದಲುಬದಲಾಗುವುದಷ್ಟೇ, ನೋಡಿ ಉಪಯೋಗವಿಲ್ಲವೆಂದು ಅವನಿಗೂ ಗೊತ್ತಿತ್ತು.

ಅವನ ಪಾದ ಕಲ್ಲಾಗತೊಡಗಿತು.

“ಇನ್ನೊಂದೇ ಒಂದು ಕಾಳು ಹಾಕು ತಾಯಿ. ಎರಡು ಸಾಲಿಗೆ ಸರಿಹೋಗುತ್ತದೆ.”

“ಅದು ಗುಬ್ಬಿಯ ಪಾಲು. ತಿಂದಾಯಿತು.”

ವಿಭಂಡ ಕಲ್ಲಾದ. ಅದೇ ಗಳಿಗೆಯಲ್ಲಿ ಕಲ್ಲಾಗಿದ್ದ ಊರುಗಳೆಲ್ಲ ಎದ್ದು ಮೈಮುರಿದವು. ಕೇತ ಕಿವಿಯ ಪಾಚಿ ಒರೆಸಿಕೊಳ್ಳುತ್ತ, ಎಷ್ಟು ಸಲ ಬಗ್ಗಿಸಿದೆ ಎಂದು ತಂಗಿಯನ್ನು ಕೇಳಿದ.

ಮೂರನೆಯ ಬಾಗಿಲಿನ ರಾಗಿಯನ್ನು ಮರುವರ್ಷ ರಾಜ್ಯವೆಲ್ಲ ಬಿತ್ತಿತು. ಎಲ್ಲರೂ ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಬಿತ್ತಿದ ಕಾಳು ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.