ಮೂರು ಮುಷ್ಟಿ ಉಪ್ಪು

"ಆ ತೊಟ್ಟಿಗೆ ಕೈ ಹಾಕಬೇಡಿ!"

ಅವಳ ದನಿಗೆ ಬೆಚ್ಚಿ ಅವನು ಹಿಂದೆ ಸರಿದ. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ತೂಕದ ಯಂತ್ರ.

ಬಣ್ಣದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಲೆಂದು, ನೂಲಿಗೆ ಬಣ್ಣ ಹಾಕುವ ಆ ಶೆಡ್ಡಿಗೆ ಅವನನ್ನು ಕರೆಸಿದ್ದು ಅವಳ ಅಪ್ಪನೇ. ದೊಡ್ಡ ಮಿಲ್ಲುಗಳು ಕಂಪ್ಯೂಟರಿನಲ್ಲೇ ಬಣ್ಣ ತೋರಿಸಿ, ಸಾವಿರ ಲಡಿ ನೂಲನ್ನೂ ಕೂದಲೆಳೆ ವ್ಯತ್ಯಾಸವಿಲ್ಲದೆ ಕಳಿಸುತ್ತಿದ್ದವು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರಿದ್ದರು.

ಅಪ್ಪನಿಗೆ ಶೆಡ್ಡಿನ ಚಿಂತೆ. ಅವಳಿಗೋ ತನ್ನ ಚಿಂತೆ. ಹದಿಮೂರು ವರ್ಷದಿಂದ ಬಣ್ಣದ ಹದ ಅವಳ ಕೈಯಲ್ಲಿತ್ತು. ಅದೆಲ್ಲ ಆ ಪೆಟ್ಟಿಗೆಯೊಳಗೆ ಹೋದ ಮೇಲೆ ತನ್ನನ್ನು ಕೇಳುವವರು ಯಾರು...

ಆದರೂ ಅಪ್ಪನ ಮಾತು ಮೀರಲಾರದೆ, ಮುಖ ಗಂಟಿಕ್ಕಿಕೊಂಡೇ ಹೇಳಿಕೊಟ್ಟಳು. ದಾಳಿಂಬೆ ಕೆಂಪಿಗೆ ಇಷ್ಟು ಪುಡಿ, ಇಷ್ಟು ಬಿಸಿ, ಮೂರು ಮುಷ್ಟಿ ಉಪ್ಪು. ಅವನು ತಲೆಯೆತ್ತದೆ ಬರೆದುಕೊಂಡ.

ಆನ್‌ಲೈನಿನಲ್ಲಿ ಬಂದ ಮೊದಲ ಆರ್ಡರನ್ನು ಅದೇ ಲೆಕ್ಕದಲ್ಲಿ ಅದ್ದಿದರು. ಕೆಂಪು ಕಪ್ಪಿಟ್ಟು ಬಂತು!

ಬೇಕೆಂದೇ ತಪ್ಪು ಹೇಳಿದೆಯಾ ಎಂದು ಅಪ್ಪ ಕೇಳಿದಾಗ ಅವಳ ಕಣ್ಣು ತುಂಬಿತು. ಅವನೇ ಚಾಡಿ ಹೇಳಿರಬೇಕು...

ಅಷ್ಟರಲ್ಲಿ ಅವನೇ ಬಂದು ನಿಂತ.

"ತಪ್ಪು ನಂದು, ಯಜಮಾನ್ರೇ. ಇವರು ಮುಷ್ಟಿ ಅಂದ್ರು. ನಾನು ನನ್ನ ಮುಷ್ಟೀನೇ ತೂಕಕ್ಕೆ ಹಾಕ್ಬಿಟ್ಟೆ."

ಅಪ್ಪ ಅವನ ಕೈ ನೋಡಿದರು, ಮಗಳ ಕೈ ನೋಡಿದರು. ಇದೇನು ಕೈಯೋ ಮೊರವೋ ಎಂದು ನಕ್ಕರು. ಅವಳಿಗೂ ನಗು ತಡೆಯಲಾಗಲಿಲ್ಲ.

ಆ ದಿನವಿಡೀ ಅವಳು ಮುಷ್ಟಿ ತುಂಬಿ ಉಪ್ಪು ಸುರಿದಳು, ಅವನು ತೂಗಿದ. ಇಪ್ಪತ್ತು ಸಲವೂ ತೂಕ ಒಂದೇ. ಇಪ್ಪತ್ತೊಂದನೆಯದು ಮಾತ್ರ ಲೆಕ್ಕಕ್ಕೆ ಸೇರಲಿಲ್ಲ. ಅವನು ಅಂಕಿ ಬಿಟ್ಟು ಅವಳನ್ನೇ ನೋಡುತ್ತಿದ್ದ.

ಮತ್ತೆ ಅದ್ದಿದ ನೂಲನ್ನು ಗಿರಾಕಿ ಮೆಚ್ಚಿದ. ಆರ್ಡರುಗಳು ಬರತೊಡಗಿದವು. ತನ್ನ ಕೆಲಸ ಮುಗಿಯಿತೆಂದು ಚೀಲ ಹೆಗಲಿಗೇರಿಸಿದವನ ಎದುರು ಅವಳು ನಿಂತಳು.

"ನನ್ನ ವಿದ್ಯೆನೆಲ್ಲ ಆ ಪೆಟ್ಟಿಗೆಯೊಳಗೆ ತುಂಬ್ಕೊಂಡ್ರಿ. ಇನ್ನು ನನ್ನಿಂದ ಯಾರಿಗೇನಾಗ್ಬೇಕು?"

"ಅದರಲ್ಲಿರೋದು ನೀವು ಆಗಲೇ ಮಾಡಿರೋ ಬಣ್ಣ ಅಷ್ಟೆ. ಜನ ಹೊಸದು ಕೇಳ್ತಿದ್ದಾರೆ. ಅದನ್ನ ನೀವೇ ಹುಟ್ಟಿಸ್ಬೇಕು." ಅವನು ತಡವರಿಸಿದ. "ಮತ್ತೆ... ನನಗೂ ನೀವು ಬೇಕು."

ಅವಳ ಎದೆ ಡವಗುಟ್ಟಿತು. ಆದರೂ ಬಿಗುವು ಬಿಡಲಿಲ್ಲ.

"ಅಪ್ಪನ್ನ ಕೇಳಿದ್ರಾ?"

"ಕೇಳ್ದೆ. ಮಗಳು ಬೈದ್ರೆ ನನ್ನ ಹತ್ರ ದೂರು ತರ್ಬೇಡ ಅಂದ್ರು."

ಅವಳು ಅವನ ಹೆಗಲಿನ ಚೀಲ ಇಳಿಸಿ ಗೂಟಕ್ಕೆ ತೂಗುಹಾಕಿದಳು.

"ಬೈಯೋದೆಲ್ಲ ಮದುವೆ ಆದ್ಮೇಲೆ. ಈಗ ಬನ್ನಿ, ನೂಲು ಒಣಹಾಕ್ಬೇಕು."