ಸೇತುವೆಯ ಮೇಲಿನ ಈಟಿಗಾತಿ

ಜಗಳ ಶುರುವಾದದ್ದು ಭಾವ ಕೊಂಡು ತಂದ ಹೊಸ ಪುಸ್ತಕದಿಂದ.

ಭಾವ ಬಸ್ ಓಡಿಸುವವರು. ಭಾನುವಾರ ಸಂಜೆ ಮಾತ್ರ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಮಾಂತ್ರಿಕರಾಗಿಬಿಡುತ್ತಿದ್ದರು. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ರಾಕ್ಷಸರ ಕಥೆಯೊಂದನ್ನು ಎಲ್ಲರೂ ಸೇರಿ ನಡೆಸುವ ಆಟ ಅದು. ರಾಕ್ಷಸರ ಪರವಾಗಿ ಆಡುವವನು ಅಂಗಡಿಯ ಯಜಮಾನ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಗ್ಲಾಸು ಎಂದು. ಮುಂದೊಂದು ರಟ್ಟಿನ ಮರೆ ಇಟ್ಟುಕೊಂಡು ಅದರ ಹಿಂದೆ ತನ್ನ ದಾಳ ಹಾಕುತ್ತಿದ್ದ. ನಾದಿನಿಯನ್ನು ಅಲ್ಲಿಗೆ ಕರೆತಂದದ್ದು ಭಾವನೇ. ಅವಳ ಕೆಲಸ ಹಲ್ಲಿನ ಸೆಟ್ ತಯಾರಿಸುವುದು. ಆಟದಲ್ಲಿ ಅವಳು ಈಟಿಗಾತಿ.

ಭಾವ ತಂದದ್ದು ಆಟದ ನಿಯಮಗಳ ಹೊಸ ಎಡಿಷನ್. ಅದರಲ್ಲಿ ಎಲ್ಲ ಪಾತ್ರಗಳೂ ಹುಟ್ಟುತ್ತಲೇ ಹುಲಿಗಳು, ಹಳೆಯದರಲ್ಲಿ ಬೆಕ್ಕು ಪರಚಿದರೂ ಸಾಯುತ್ತಿದ್ದೆವು ಎಂಬುದು ಭಾವನ ವಾದ. ಅವಳು ಒಪ್ಪಲಿಲ್ಲ. ಹಳೆಯ ನಿಯಮಗಳಲ್ಲಿ ಬಲ ಕಡಿಮೆಯೇ, ನಿಜ. ಅದಕ್ಕೇ ಅಲ್ಲಿ ಗೆದ್ದರೆ ಗೆದ್ದ ಹಾಗೆ. ಅವಳ ಈಟಿಗಾತಿ ಒಬ್ಬಳೇ ಸೇತುವೆಯ ಮೇಲೆ ನಿಂತು ದೈತ್ಯನೊಬ್ಬನನ್ನು ತಡೆದಿರಲಿಲ್ಲವೇ? ಅವಳ ಕೆಲಸವನ್ನೆಲ್ಲ ತನ್ನದೆಂದು ಹೇಳಿಕೊಳ್ಳುತ್ತಿದ್ದ ಹಲ್ಲಿನ ಲ್ಯಾಬಿನ ಯಜಮಾನನಿಗೆ, ನಾಳೆಯಿಂದ ಬರುವುದಿಲ್ಲ ಎಂದು ಅವಳು ಮುಖಕ್ಕೆ ಹೇಳಿದ್ದು ಅದರ ಮರುದಿನ, ಆ ಗೆಲುವಿನ ಧೈರ್ಯದಲ್ಲೇ. ಈಗ ಅವಳದೇ ಪುಟ್ಟ ಲ್ಯಾಬ್ ಇತ್ತು.

ಆ ಸೇತುವೆ ಇಷ್ಟವಾಗಲು ಇನ್ನೊಂದು ಕಾರಣವೂ ಇತ್ತು. ಅವತ್ತು ಗ್ಲಾಸು ಮರೆಯ ಮೇಲಿಂದ ಅವಳನ್ನೇ ನೋಡುತ್ತಾ, "ಇನ್ನೂ ನಿಂತಿದ್ದೀರಿ," ಎಂದಿದ್ದ, ಮೆಲ್ಲಗೆ. ಅಲ್ಲಿಂದಾಚೆಗೆ ಅವಳು ದಾಳದಿಂದ ತಲೆಯೆತ್ತಿದಾಗಲೆಲ್ಲ ಅವನ ಕಣ್ಣು ಮೊದಲೇ ಅಲ್ಲಿರುತ್ತಿತ್ತು. ಸಿಕ್ಕಿಬಿದ್ದವನಂತೆ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಿದ್ದ. ಊರಿಗೆಲ್ಲ ಕನ್ನಡಕ ಒರೆಸುವ ಬಟ್ಟೆ ಮಾರುವ ಮನುಷ್ಯ.

ವಾದ ಮುಗಿಸಲು ಭಾವ ಒಂದು ಪರೀಕ್ಷೆ ಇಟ್ಟರು. ಅದೇ ಸೇತುವೆ, ಅದೇ ದೈತ್ಯ. ಒಮ್ಮೆ ಹಳೆಯ ನಿಯಮ, ಒಮ್ಮೆ ಹೊಸದು. ದಾಳವೆಲ್ಲ ಎಲ್ಲರ ಕಣ್ಣೆದುರು. ಗ್ಲಾಸು ಟೀ ಆರಿತು ಎಂದ, ಅಂಗಡಿ ಮುಚ್ಚಬೇಕು ಎಂದ. ಸೋತರೆ ಅವಳ ಜಂಬ ಮುರಿಯುತ್ತದೆಂದು ಅವನು ಹೆದರಿದ್ದಾನೆ ಎಂದುಕೊಂಡ ಅವಳಿಗೆ ಅವನ ಮೇಲೆ ಅಕ್ಕರೆ ಉಕ್ಕಿತು. "ನನ್ನ ಈಟಿ ಮೇಲೆ ನಂಬಿಕೆ ಇಲ್ವಾ?" ಎಂದು ಕೆಣಕಿದಳು. ಅವನು ಮರೆಯನ್ನು ಪಕ್ಕಕ್ಕಿಟ್ಟ.

ಹಳೆಯ ನಿಯಮದಲ್ಲಿ ಈಟಿಗಾತಿ ಮೊದಲ ಏಟಿಗೇ ಬಿದ್ದಳು. ಗ್ರಹಚಾರ, ಇನ್ನೊಮ್ಮೆ ಆಡೋಣ ಎಂದರು ಭಾವ. ಮತ್ತೆ ಬಿದ್ದಳು. ಎಷ್ಟು ಸಲ ಆಡಿದರೂ ಎರಡನೇ ಏಟು ದಾಟಲಿಲ್ಲ. ಹೊಸ ನಿಯಮದಲ್ಲಿ ಆರಾಮಾಗಿ ನಿಂತಳು, ನಡುವೆ ಸುಧಾರಿಸಿಕೊಂಡಳು ಕೂಡ. ಭಾವ ತೊಡೆ ತಟ್ಟಿ, ಗೆದ್ದ ಸುದ್ದಿಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಲು ಹೊರಗೆ ಹೋದರು.

ಅವಳು ಹಳೆಯ ಪುಸ್ತಕದ ಪುಟವನ್ನೇ ನೋಡುತ್ತಿದ್ದಳು. ದೈತ್ಯನ ಅತಿ ಸಣ್ಣ ಏಟೂ ಅವಳ ಅರ್ಧ ಜೀವ ತೆಗೆಯುವಂಥದ್ದು. ಅವತ್ತೋ ಅವನು ಬಡಿಯುತ್ತಲೇ ಇದ್ದ, ಅವಳು ನಿಂತೇ ಇದ್ದಳು.

"ಅವತ್ತು ನಾನು ಸತ್ತಿದ್ದೆ, ಅಲ್ವಾ?"

"ಹೂಂ. ಮೊದಲನೇ ಏಟಿಗೇ."

"ಆಮೇಲಿನದ್ದೆಲ್ಲ?"

"ದಾಳದ ಲೆಕ್ಕ ನಾನೇ ಕಡಿಮೆ ಹೇಳ್ತಾ ಹೋದೆ." ಅವನ ತಲೆ ತಗ್ಗಿತ್ತು. "ನೀವು ಸತ್ರೆ ಮುಂದಿನ ವಾರ ಬರಲ್ವೇನೋ ಅಂತ. ನಿಮ್ಮನ್ನ ನೋಡ್ದೆ ಇರೋಕಾಗ್ತಿರ್ಲಿಲ್ಲ."

ವರ್ಷದಿಂದ ಕೇಳಬೇಕೆಂದಿದ್ದ ಮಾತು ಕೊನೆಗೂ ಬಂದಿತ್ತು, ಮೋಸದ ಕೈ ಹಿಡಿದುಕೊಂಡು.

"ಸೋತಿದ್ರೂ ಬರ್ತಿದ್ದೆ," ಎಂದಳು. "ನಿಮ್ಮನ್ನ ನೋಡೋಕೇ ಬರ್ತಿದ್ದೆ. ಈಗ ಯಾವ ಮುಖ ಇಟ್ಕೊಂಡು ಬರ್ಲಿ?"

ಆಮೇಲೆ ಅವಳು ಅತ್ತ ತಲೆ ಹಾಕಲಿಲ್ಲ. ಮೇಣದಲ್ಲಿ ಹಲ್ಲು ಕೂರಿಸುವಾಗ ಕೈ ತಡೆಯುತ್ತಿತ್ತು. ಒಂದು ಸೋಲಿಗೆ ಮುರಿದುಬೀಳುವವಳೆಂದೇ ಅವನು ತನ್ನನ್ನು ಎಣಿಸಿದ್ದ. ಹಾಗಾದರೆ ಆ ನೋಟಗಳಲ್ಲಿ ಇದ್ದದ್ದು ಏನು, ಪ್ರೀತಿಯೋ ಅಯ್ಯೋ ಪಾಪವೋ? ಬರೀ ಆಟ ತಾನೇ ಎಂದ ಭಾವನಿಗೆ ಅಕ್ಕನೇ ಚೆನ್ನಾಗಿ ಬೈದಳು.

ಒಂದು ಮಧ್ಯಾಹ್ನ ಅವನೇ ಲ್ಯಾಬಿಗೆ ಬಂದ. ತಪ್ಪಾಯಿತು ಎಂದ, ಒಂದೇ ಸಲ. ಅವಳ ಹಳೆಯ ಲ್ಯಾಬಿನ ಯಜಮಾನನ ವಿಷಯ ಭಾವ ಈಗಷ್ಟೇ ಹೇಳಿದರಂತೆ. "ಅಲ್ಲಿ ನಾನಿರ್ಲಿಲ್ಲ. ಅವನ ಎದುರು ನಿಂತಿದ್ದು ನೀವೇ."

ಅದು ಅವಳಿಗೂ ಹೊಳೆದಿತ್ತು, ಅತ್ತೂ ಅತ್ತೂ. ಅವನ ಬಾಯಲ್ಲಿ ಕೇಳಿ ಸಿಟ್ಟು ಇನ್ನಷ್ಟು ಏರಿತು. ಮಾಡಿ ಮುಗಿಸಿದ ಹಲ್ಲಿನ ಸೆಟ್ ಒಂದನ್ನು ಅವನ ಮುಂದೆ ಹಿಡಿದಳು. "ಹೇಗಿದೆ?"

ಸುಮ್ಮನೆ ಹೊಗಳಿದ್ದರೆ ಅವನ ಜೊತೆಗಿನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಬಹಳ ಹೊತ್ತು ನೋಡಿದ. "ಮುಂದಿನ ಹಲ್ಲೊಂದು ಸೊಟ್ಟಗಿದೆ," ಎಂದ, ಹೆದರುತ್ತಲೇ.

"ಬೇಕಂತ್ಲೇ ಮಾಡಿದ್ದು. ಇದನ್ನ ಮಾಡಿಸ್ತಿರೋ ಅಜ್ಜಿ ಸ್ವಂತ ಹಲ್ಲು ಹಾಗೇ ಇತ್ತಂತೆ. ತಾತ ಮೆಚ್ಚಿದ್ದೂ ಆ ನಗುನೇ."

ಅವನ ಮುಖ ಸಪ್ಪಗಾಯಿತು. ಅವಳ ಗಂಟಲವರೆಗೆ ಬಂದ ನಗುವನ್ನು ಅವಳು ಅವನಿಗೆ ಕೊಡಲಿಲ್ಲ.

"ನನ್ನ ಸಿಟ್ಟು ಹೋಗಿಲ್ಲ."

"ಗೊತ್ತು. ಕಾಯ್ತೀನಿ."

"ಬಾಗಿಲಲ್ಲಿ ನಿಂತು ಕಾಯ್ಬೇಡ." ಅವಳು ಸ್ಟೂಲಿನ ಮೇಲಿದ್ದ ಅಚ್ಚುಗಳನ್ನು ಎತ್ತಿಟ್ಟಳು. "ಬಾ, ಕೂತ್ಕೋ."

ಇಷ್ಟು ದಿನದ 'ನೀವು' ಯಾವ ಗಳಿಗೆಯಲ್ಲಿ ಕಳಚಿಬಿತ್ತೋ ಅವಳಿಗೂ ತಿಳಿಯಲಿಲ್ಲ. ಅವನು ಬಂದು ಕೂತ.